ಕೈ ತಾಗಿದ ಚೆಂಡಿಗೆ ಎಷ್ಟು ಅಂಕ?

ಈ ವರ್ಷದ ಬಾಸ್ಕೆಟ್‌ಬಾಲ್ ಪಂದ್ಯವೊಂದರಲ್ಲಿ ನಮ್ಮ ಹುಡುಗರು ಒಂದೇ ಅಂಕದಿಂದ ಸೋತುದನ್ನು ಕೆಲವು ಹೆತ್ತವರೂ ಕಂಡಿದ್ದಾರೆ. ಕೊನೆಯ ನಿಮಿಷದಲ್ಲಿ ಎದುರು ತಂಡದ ಹುಡುಗನೊಬ್ಬನು ಮೂರಂಕದ ಗೆರೆಯ ಹೊರಗಿನಿಂದ ಚೆಂಡನ್ನು ಬುಟ್ಟಿಗೆಸೆದನು. ಗೆರೆಯ ಒಳಗಿದ್ದ ನಮ್ಮ ಒಂಬತ್ತನೆಯ ತರಗತಿಯ ಹುಡುಗ ಹಾರಿ ತಡೆಯಹೋದನು. ಮೇಲೇರುತ್ತಿದ್ದ ಚೆಂಡಿಗೆ ಅವನ ಬೆರಳ ತುದಿ ತಾಗಿತು. ಚೆಂಡು ದಿಕ್ಕು ಬದಲಿಸಿ ಬುಟ್ಟಿಗೇ ಬಿತ್ತು. ತೀರ್ಪುಗಾರರು ಮೂರು ಅಂಕ ಕೊಟ್ಟರು. “ನಮ್ಮವನ ಕೈ ತಾಗಿದ್ದು ಗೆರೆಯ ಒಳಗೆ, ಎರಡೇ ಅಂಕ!” ಎಂದು ನಮ್ಮ ಕಡೆಯವರೆಲ್ಲ ಕೂಗಿದೆವು. ಕೂಗಿದವರಲ್ಲಿ ನಾನೂ ಒಬ್ಬ. ತೀರ್ಪುಗಾರರು ಮಲಯಾಳದಲ್ಲಿ ವಿವರಿಸಿದ್ದು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಮರುದಿನ ನಿಯಮದ ಪುಸ್ತಕ ತೆರೆದಾಗ ತಪ್ಪು ನಮ್ಮದೇ ಎಂದು ತಿಳಿಯಿತು. ಅಂಕ ನಿರ್ಣಯವಾಗುವುದು ಎಸೆದವನು ಎಲ್ಲಿಂದ ಎಸೆದನೆಂಬುದರಿಂದ. ನಡುವೆ ಯಾರ ಕೈ ಎಲ್ಲಿ ತಾಗಿತೆಂಬುದರಿಂದಲ್ಲ. ಮೂರಂಕದ ಗೆರೆ ಅಂತಾರಾಷ್ಟ್ರೀಯ ನಿಯಮಗಳಿಗೆ ಸೇರಿದ್ದೇ 1984ರಲ್ಲಿ. ಅದಕ್ಕೆ ಮೊದಲು ಆಡಿದವರಿಗೆ ಈ ಗೊಂದಲವೇ ಇರಲಿಲ್ಲ.

ಇಳಿಯುತ್ತಿರುವ ಚೆಂಡಿನ ಮಾತು ಬೇರೆ. ಬುಟ್ಟಿಯತ್ತ ಇಳಿಯುವ ಚೆಂಡು ಪೂರ್ತಿಯಾಗಿ ರಿಂಗಿನ ಮಟ್ಟಕ್ಕಿಂತ, ಅಂದರೆ 3.05 ಮೀಟರಿಗಿಂತ ಮೇಲಿರುವಾಗ ತಡೆಯುವವನು ಮುಟ್ಟಿದರೆ, ಚೆಂಡು ಒಳಗೆ ಬೀಳದಿದ್ದರೂ ಎಸೆದ ಜಾಗಕ್ಕೆ ತಕ್ಕ ಅಂಕ ಸಲ್ಲುತ್ತದೆ. (ಅಷ್ಟೆತ್ತರಕ್ಕೆ ಕೈ ಚಾಚುವವರು ಸದ್ಯ ನಮ್ಮ ಶಾಲೆಯಲ್ಲಿಲ್ಲ, ಬಿಡಿ.) ಇನ್ನು, ಆಟಗಾರನೊಬ್ಬ ಅಕಸ್ಮಾತ್ತಾಗಿ ತನ್ನದೇ ತಂಡದ ಬುಟ್ಟಿಗೆ ಚೆಂಡು ಹಾಕಿದರೆ ಎದುರಾಳಿಗಳಿಗೆ ಎರಡು ಅಂಕ, ಅದೂ ಅವರ ನಾಯಕನ ಲೆಕ್ಕಕ್ಕೆ. ಬೇಕೆಂದೇ ಹಾಕಿದರೆ ಅಂಕವೇ ಇಲ್ಲ.

ತಡೆಯುವವರ ಕೈಯ ಚಿಂತೆ ಈ ಆಟದಷ್ಟೇ ಹಳೆಯದು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿಯೇ, ಚೆಂಡು ಬುಟ್ಟಿಯ ಅಂಚಿನಲ್ಲಿ ನಿಂತಿರುವಾಗ ಎದುರಾಳಿ ಬುಟ್ಟಿಯನ್ನು ಅಲುಗಿಸಿದರೆ ಅದು ಗೋಲೆಂದೇ ಎಣಿಕೆ ಎಂಬ ಮಾತಿದೆ.

ಆದರೆ ನನ್ನನ್ನು ಕಾಡಿದ್ದು ಅಂಕವಲ್ಲ. ಪಂದ್ಯ ಮುಗಿದೊಡನೆ ನಮ್ಮವರೇ ಕೆಲವರು, “ನೀನು ಮುಟ್ಟದಿದ್ದರೆ ಚೆಂಡು ಹೊರಗೆ ಹೋಗುತ್ತಿತ್ತಲ್ಲ!” ಎಂದು ಆ ಹುಡುಗನನ್ನು ಗದರಿದರು. ಹೊರಗೆ ಹೋಗುತ್ತಿತ್ತೆಂದು ಹೇಳಬಲ್ಲವರು ಯಾರು? ಮೇಲೇರುವ ಚೆಂಡನ್ನು ತಡೆಯುವುದಕ್ಕೆ ನಿಯಮದ ಒಪ್ಪಿಗೆಯಿದೆ. ಅವನು ಮಾಡಬೇಕಾಗಿದ್ದುದೂ ಅದನ್ನೇ. ಹಾರದೆ ಸುಮ್ಮನೆ ನಿಂತಿದ್ದರೆ ಅದಕ್ಕೂ ಬಯ್ಯುತ್ತಿದ್ದೆವು. ಎರಡು ವಾರ ಅವನು ಅಂಗಳಕ್ಕೆ ಕಾಲಿಡಲಿಲ್ಲ. ಅವನ ತಂದೆಯವರೂ ಆ ದಿನ ಬಂದಿದ್ದರು, ಒಂದು ಮಾತನ್ನೂ ಆಡದೆ ಹೊರಟುಹೋದರು.

ನಿಯಮದ ಪುಸ್ತಕ ನಮ್ಮ ಕೈಗೆ ಸಿಕ್ಕುವುದು ಇಂಗ್ಲಿಷಿನಲ್ಲಿ, ಅಂಗಳದ ವಿವರಣೆ ಮಲಯಾಳದಲ್ಲಿ. ಕಾಸರಗೋಡಿನ ಕನ್ನಡ ಮಕ್ಕಳು ಅವೆರಡನ್ನೂ ಕಲಿಯಲಿ, ಬೇಡವೆನ್ನುವುದಿಲ್ಲ. ಆದರೂ ಈ ನಾಲ್ಕು ನಿಯಮಗಳನ್ನು ಕನ್ನಡದಲ್ಲಿ ಬರೆದು ಆಟದ ಸಾಮಾನಿನ ಕೋಣೆಯ ಗೋಡೆಗೆ ಅಂಟಿಸಬೇಕೆಂದು ನನ್ನ ಸೂಚನೆ. ಬರೆಯುವ ಕೆಲಸ ಆ ಹುಡುಗನದೇ ಆಗಲಿ. ಅವನ ಅಕ್ಷರ ದುಂಡಗಿದೆ.