ತಲೆನೋವಿನ ಮಾತ್ರೆಯ ಜೊತೆಗೆ ರಕ್ತಪರೀಕ್ಷೆಯೂ ಆಗಲಿ
ಮಾದಾಪುರ ಮತ್ತು ಸುತ್ತಲಿನ ತೋಟಗಳ ಜನರಲ್ಲಿ ವಿನಂತಿ



ಹರೆಯದವರಿಗೆ ವಾರಗಟ್ಟಲೆ ಬಿಡದ ತಲೆನೋವು, ವಾಂತಿ, ಹೊಸದಾಗಿ ಶುರುವಾದ ಫಿಟ್ಸ್, ಒಂದು ಪಕ್ಕದ ಕೈಕಾಲು ಸೋಲುವುದು, ನೆನಪು ಮಂಕಾಗುವುದು ಕಂಡರೆ ಉಳಿದ ಪರೀಕ್ಷೆಗಳ ಜೊತೆಗೆ ಎಚ್‌ಐವಿ ಪರೀಕ್ಷೆಯನ್ನೂ ಅಂದೇ ಮಾಡಿಸಬೇಕೆಂಬುದು ನಮ್ಮ ವಾದ. ಇಂಥ ತಲೆನೋವಿಗೆಲ್ಲ ಎಚ್‌ಐವಿಯೇ ಕಾರಣವೆಂದಲ್ಲ. ಬಹುಪಾಲು ಬೇರೆಯವೇ ಇರುತ್ತವೆ. ಆದರೆ ಕಾರಣ ಇದೇ ಆಗಿದ್ದರೆ, ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ಕಳೆದ ಒಂದೊಂದು ವಾರವೂ ಮಿದುಳಿಗೆ ನಷ್ಟ. ಎಚ್‌ಐವಿ ಮೈಸೇರಿದ ಕೆಲವೇ ವಾರಗಳಲ್ಲಿ ಮಿದುಳನ್ನೂ ಮುಟ್ಟುತ್ತದೆ. ಆಮೇಲೆ ವರ್ಷಗಟ್ಟಲೆ ಸುಳಿವು ಕೊಡದಿರಬಹುದು. ರಕ್ತದಲ್ಲಿ ಸಾಮಾನ್ಯವಾಗಿ 500ಕ್ಕಿಂತ ಮೇಲಿರುವ, ರೋಗ ತಡೆಯುವ ಸಿಡಿ4 ಕಣಗಳ ಎಣಿಕೆ 200ಕ್ಕಿಂತ ಕೆಳಗಿಳಿದಾಗ ಟಿಬಿ, ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ, ಟೊಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಮಿದುಳಿಗೆ ನುಗ್ಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಹೆಚ್ಚಾಗಿ ಕಂಡಿರುವುದೂ ಇವನ್ನೇ.

ಇವುಗಳಲ್ಲಿ ಕ್ರಿಪ್ಟೊಕಾಕಸ್ ಶಿಲೀಂಧ್ರ ಮಣ್ಣಿನಲ್ಲಿ, ಹಕ್ಕಿಗಳ ಹಿಕ್ಕೆಯಲ್ಲಿ ಇರುತ್ತದೆ. ಗಟ್ಟಿ ಮೈಯನ್ನು ಅದು ಸಾಮಾನ್ಯವಾಗಿ ಕೆಡಿಸುವುದಿಲ್ಲ. ಶಕ್ತಿ ಕುಂದಿದ ಮೈಯಲ್ಲಿ ಮಿದುಳಿನ ಪೊರೆಗೆ ಹಬ್ಬಿ, ತಲೆಯೊಳಗಿನ ಒತ್ತಡ ಏರಿಸಿ, ಕಣ್ಣನ್ನೇ ಕಳೆಯಬಹುದು. ಆಗ ಒತ್ತಡ ಇಳಿಸಲು ಬೆನ್ನಿನಿಂದ ಮತ್ತೆ ಮತ್ತೆ ನೀರು ತೆಗೆಯಬೇಕಾಗುತ್ತದೆ. ಎಚ್‌ಐವಿಗೆ ಕೊಡುವ ಏಆರ್‌ಟಿ ಮಾತ್ರೆಯನ್ನೂ ತಕ್ಷಣ ಶುರುಮಾಡಲಾಗದು, 4ರಿಂದ 6 ವಾರ ಕಾಯಬೇಕು. ತಡವಾಗಿ ಬಂದವರಿಗೆ ಮದ್ದೂ ತಡವಾಗುವುದೆಂದರೆ ಇದು. ಅದೇ ಶಿಲೀಂಧ್ರದ ಗುರುತು ತಲೆನೋವಿಗೆ ವಾರಗಳ ಮುಂಚೆಯೇ ರಕ್ತದಲ್ಲಿ ಸಿಗುತ್ತದೆ; ಆ ಹಂತದಲ್ಲಿ ಎಷ್ಟೋ ಜನರಲ್ಲಿ ಕಾಯಿಲೆಯನ್ನು ಮಾತ್ರೆಯಿಂದಲೇ ತಡೆಯಬಹುದು. ಎಚ್‌ಐವಿಗೆ ಚಿಕಿತ್ಸೆ ಬೇಗ ಶುರುವಾದರೆ ಗಂಭೀರ ಕಾಯಿಲೆ ಮತ್ತು ಸಾವು ಒಟ್ಟಾರೆ ಅರ್ಧಕ್ಕಿಂತ ಹೆಚ್ಚು ತಗ್ಗುತ್ತವೆ ಎಂದು 35 ದೇಶಗಳಲ್ಲಿ ನಡೆದ ಸ್ಟಾರ್ಟ್ ಅಧ್ಯಯನ 2015ರಲ್ಲಿ ತೋರಿಸಿತು. ಸೋಂಕು ಖಚಿತವಾದವರಿಗೆಲ್ಲ ಸಿಡಿ4 ಎಣಿಕೆ ಎಷ್ಟೇ ಇರಲಿ ಉಚಿತ ಚಿಕಿತ್ಸೆ ಎಂಬ ನೀತಿ 2017ರಿಂದ ನಮ್ಮ ದೇಶದಲ್ಲಿದೆ.

‘ನಮ್ಮ ಮಕ್ಕಳು ಅಂಥವರಲ್ಲ’ ಎನ್ನುವವರಿದ್ದಾರೆ. ತಾಯಿಯಿಂದ ಸೋಂಕು ಪಡೆದು, ಯಾರಿಗೂ ತಿಳಿಯದೆ ಹರೆಯಕ್ಕೆ ಬಂದ ಮಕ್ಕಳಿದ್ದಾರೆ. ಅವರ ನಡತೆಯಲ್ಲಿ ಏನು ತಪ್ಪು ಹುಡುಕುತ್ತೀರಿ? ಗುಟ್ಟು ರಟ್ಟಾದೀತೆಂಬ ಭಯ ಈ ಮಾತಿಗಿಂತ ದೊಡ್ಡದು, ನ್ಯಾಯವಾದದ್ದೂ ಹೌದು. ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ, ಕೆಲಸ ಕೊಡಲು ಈ ಪರೀಕ್ಷೆ ಕೇಳುವಂತಿಲ್ಲ ಎನ್ನುವ 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಆದರೆ ಕಾಯ್ದೆಯೊಂದೇ ಊರ ಬಾಯಿ ಮುಚ್ಚಿಸದು. ಆಸ್ಪತ್ರೆಯ ಸಿಬ್ಬಂದಿ ಸಾಲಿನಲ್ಲಿ ನಿಂತವರ ಮುಂದೆ ಎಚ್‌ಐವಿ ಎಂದು ಕೂಗಬಾರದು. ಕಾಫಿ ಕುಯ್ಲಿನ ದಿನಗಳಲ್ಲಿ ಲೈನ್ ಮನೆಯ ಹುಡುಗನೊಬ್ಬ ಆಸ್ಪತ್ರೆಗೆ ರಜೆ ಕೇಳಿದರೆ, ತೋಟದ ರೈಟರು ಕಾಯಿಲೆಯ ಹೆಸರು ಕೆದಕದೆ ಕಳಿಸಿಕೊಡಬೇಕು. ಆ ದಿನದ ಕೂಲಿ ಕತ್ತರಿಸದಿದ್ದರೆ ಇನ್ನೂ ಒಳ್ಳೆಯದು.

ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ, ಆಪ್ತಸಮಾಲೋಚನೆ ಎರಡೂ ಉಚಿತ. ಹೋಗುವ ಮೊದಲು ಕೇಳುವುದಿದ್ದರೆ ಸಹಾಯವಾಣಿ 1097ಕ್ಕೆ ಕರೆ ಮಾಡಿ.