ಒಳಗ ಬಿಟ್ರು, ನೀರು ಮುಟ್ಟಬ್ಯಾಡ ಅಂದ್ರು

ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ದೌಲತಾಬಾದ್ ಅಂದ ಕೂಡಲೇ ನಮ್ಮಲ್ಲಿ ಓದಿದವರಿಗೆ ಕಾರ್ನಾಡರ 'ತುಘಲಕ್' ನಾಟಕ ನೆನಪಾಗುತ್ತೆ. ದೆಹಲಿಯಿಂದ ರಾಜಧಾನಿ ಎತ್ಕೊಂಡು ಬಂದ ಸುಲ್ತಾನನ ಕಥೆ ಎಲ್ಲರಿಗೂ ಗೊತ್ತು. ಅದೇ ಕೋಟೆಯ ಬಾಗಿಲಲ್ಲಿ 1934ರಲ್ಲಿ ಬಾಬಾಸಾಹೇಬರಿಗೆ ಏನಾಯ್ತು ಅನ್ನೋದನ್ನ ನಮ್ಮ ಮಕ್ಕಳಿಗೆ ಎಷ್ಟು ಜನ ಹೇಳಿದ್ದೇವೆ?

ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಮೂವತ್ತರಷ್ಟು ಜನ ಜೊತೆಗಿದ್ದರು. ರಂಜಾನ್ ತಿಂಗಳು. ದಾರಿಯ ಧೂಳು ಮೈತುಂಬಾ. ಬಾಗಿಲ ಹತ್ತಿರದ ಸಣ್ಣ ಕೊಳದ ನೀರಲ್ಲಿ ಕೆಲವರು ಕೈಕಾಲು, ಮುಖ ತೊಳೆದರು. ಅಷ್ಟೇ. ಕೊಳ ಮೈಲಿಗೆ ಆಯ್ತು ಅಂತ ಕೂಗುತ್ತಾ ಒಬ್ಬ ಮುದುಕ ಬಂದ, ಹಿಂದೆ ಜನ ಸೇರಿದರು, ಬೈಗುಳ ಶುರುವಾಯ್ತು. ಅಸ್ಪೃಶ್ಯ ಮುಸ್ಲಿಮನಾದರೆ ಆಗಲೂ ತಡೀತೀರಾ ಅಂತ ಬಾಬಾಸಾಹೇಬರು ಕೇಳಿದ ಮೇಲೆ ಗುಂಪು ತಣ್ಣಗಾಯ್ತು. ಕೊನೆಗೆ ಅನುಮತಿ ಸಿಕ್ತು: ಕೋಟೆ ನೋಡಬಹುದು, ಒಳಗೆ ಎಲ್ಲೂ ನೀರು ಮುಟ್ಟಬಾರದು. ಕಾಯೋಕೆ ಬಂದೂಕಿನ ಸಿಪಾಯಿ ಬೇರೆ! ಮಹಾಡ್‌ನ ಚೌದಾರ್ ಕೆರೆ ನೀರು ಕುಡಿದು ಆಗಲೇ 7 ವರ್ಷ ಆಗಿತ್ತು. ದುಂಡುಮೇಜಿನ ಸಭೆಗೆ ಲಂಡನ್ನಿಗೆ ಹೋಗಿ ಬಂದ ಬ್ಯಾರಿಸ್ಟರ್ ಅವರು. ಓದು, ಪದವಿ ಯಾವುದೂ ಆ ಕೊಳದ ಹತ್ತಿರ ಲೆಕ್ಕಕ್ಕೆ ಬರಲಿಲ್ಲ.

ಹೋದ ತಿಂಗಳು ಅಕ್ಕನ ಮಗನನ್ನ ಕರ್ಕೊಂಡು ಆ ಕೋಟೆ ಹತ್ತಿದೆ. ಪಿಯುಸಿ ಓದೋ ಹುಡುಗ. ಸುಮಾರು 200 ಮೀಟರ್ ಎತ್ತರದ ಗುಡ್ಡ, ಬಂಡೆ ಕೊರೆದ ಕಂದಕ, ಕತ್ತಲ ಸುರಂಗ, ಬಾವಲಿ ವಾಸನೆ, ಆಮೇಲೆ ಮುಗಿಯದ ಮೆಟ್ಟಿಲು. ಹತ್ತುತ್ತಾ ಈ ಕಥೆ ಹೇಳಿದೆ. ತುದಿಯ ತೋಪಿನ ಹತ್ತಿರ ಕೂತು ಬಾಟಲಿ ನೀರು ಕುಡಿದು ಅವನು ಕೇಳಿದ, "ಮಾಮಾ, ಒಳಗ ಬಿಟ್ರಲ್ಲ, ಕೋಟೀನೂ ತೋರಿಸಿದ್ರು. ಮತ್ತ ತಕರಾರು ಏನು?"

ಈ ಪೋಸ್ಟ್ ಬರೀತಿರೋದು ಆ ಪ್ರಶ್ನೆಗಾಗಿ. ಯಾಕಂದ್ರೆ ಇದನ್ನ ಹುಡುಗ ಒಬ್ಬನೇ ಕೇಳ್ತಿಲ್ಲ, ಇಡೀ ಊರು ಕೇಳ್ತದೆ. ಜಾತ್ರೆಗೆ ಬರ್ತೀರಲ್ಲ, ಮತ್ತೇನು? ಬನ್ನಿ, ತೇರಿನ ಹಗ್ಗ ಮುಟ್ಟಬೇಡಿ. ಹೋಟೆಲಿಗೆ ಬನ್ನಿ, ಲೋಟ ಬೇರೆ. ಜಯಂತಿ ದಿನ ಫೋಟೋಕ್ಕೆ ಹಾರ ಹಾಕ್ತಾರೆ, ಮಧ್ಯಾಹ್ನ ನಮ್ಮ ಡಬ್ಬಿ ತೆಗೆದ್ರೆ ಪಕ್ಕದ ಕುರ್ಚಿ ಖಾಲಿ. ಕಣ್ಣಿಗೆ ಅನುಮತಿ ಉಂಟು, ಕೈಗೆ ಇಲ್ಲ. ಷರತ್ತು ಹಾಕಿ ಒಳಗೆ ಬಿಡೋದು ಸಮಾನತೆ ಅಲ್ಲ, ಅಸ್ಪೃಶ್ಯತೆಯ ಇನ್ನೊಂದು ವೇಷ.

ಇನ್ನೊಂದು ಮಾತು. ದೌಲತಾಬಾದಿನ ಈ ಒಂದೇ ಘಟನೆ ಎತ್ಕೊಂಡು, "ನೋಡ್ರಿ, ಮುಸ್ಲಿಮರು ನಿಮ್ಮ ಬಾಬಾಸಾಹೇಬರಿಗೆ ಹೀಗೆ ಮಾಡಿದ್ರು" ಅಂತ ನಮಗೆ ಪಾಠ ಹೇಳೋಕೆ ಬರೋರು ಇದ್ದಾರೆ. ಸ್ವಾಮಿ, ಅದೇ ಪುಸ್ತಕದ ಉಳಿದ ಪುಟಗಳನ್ನೂ ಓದಿ. ಬರೋಡಾದಲ್ಲಿ ಪಾರ್ಸಿಗಳು ಕೋಲು ಹಿಡ್ಕೊಂಡು ಬಂದು ಛತ್ರದಿಂದ ಹೊರಹಾಕಿದ್ದು ಅದರಲ್ಲೇ ಇದೆ. ಗೋರೇಗಾಂವ್‌ಗೆ ಹೊರಟ ಬಾಲಕ ಭೀಮನಿಗೆ ದಾರಿಯುದ್ದಕ್ಕೂ ನೀರು ಸಿಗದಿದ್ದದ್ದೂ ಅದರಲ್ಲೇ ಇದೆ. ಹಿಂದೂವಿಗೆ ಅಸ್ಪೃಶ್ಯನಾದವನು ಮಿಕ್ಕವರಿಗೂ ಅಸ್ಪೃಶ್ಯನಾಗ್ತಾನೆ ಅನ್ನೋದು ಅವರ ಮಾತಿನ ತಿರುಳು. ಕೊಳದ ಹತ್ತಿರ ಕೂಗಿದವರನ್ನ ಬಿಡಬೇಕಿಲ್ಲ. ಆದರೆ ಆ ಮೈಲಿಗೆ ಎಲ್ಲಿ ಹುಟ್ಟಿತು ಅಂತ ಕೇಳದೇ ಒಂದು ಧರ್ಮದ ಕಡೆ ಮಾತ್ರ ಬೆರಳು ತೋರಿಸೋರಿಗೆ ನಮ್ಮ ನೋವು ಬೇಕಾಗಿಲ್ಲ, ನಮ್ಮ ವೋಟು ಬೇಕು.

ಆ ಕಾಲಕ್ಕೆ ನಮ್ಮ ಕಲಬುರಗಿ, ಬೀದರ್, ರಾಯಚೂರು ಕೂಡ ಅದೇ ನಿಜಾಮ್ ಸಂಸ್ಥಾನದಾಗೇ ಇದ್ದವು. ಹಾಗಾಗಿ ಇದು ನಮ್ಮ ಅಜ್ಜಂದಿರ ಕಾಲದ, ನಮ್ಮದೇ ಸೀಮೆಯ ಕಥೆ.

ಸಂವಿಧಾನದ 15(2)ನೇ ವಿಧಿ ತೆಗೆದು ನೋಡಿ. ಅಂಗಡಿ, ಹೋಟೆಲು ಅಂತ ಹೇಳಿ ಅದು ನಿಲ್ಲೋದಿಲ್ಲ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೇ ಹೆಸರಿಟ್ಟು ಹೇಳ್ತದೆ. ಮಹಾಡ್, ದೌಲತಾಬಾದ್ ಗೊತ್ತಿದ್ದವರಿಗೆ ಅಲ್ಲಿ 'ಕೆರೆ' ಅನ್ನೋ ಪದದ ತೂಕ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಎಲ್ಲೋರಾಕ್ಕೆ ಹೋದಾಗ ದೌಲತಾಬಾದನ್ನೂ ಹತ್ತಿ. ಮಕ್ಕಳನ್ನ ಕರ್ಕೊಂಡು ಹೋಗಿ. ತುಘಲಕನ ಕಥೆ ಹೇಳಿ, ಕೊಳದ ಕಥೆಯನ್ನೂ ಹೇಳಿ. ನಾಳೆ ಯಾರಾದ್ರೂ "ಒಳಗ ಬಿಟ್ಟೀವಲ್ಲ" ಅಂದ್ರೆ, "ನೀರು ಕೊಡ್ತೀರೇನು?" ಅಂತ ತಿರುಗಿ ಕೇಳೋದನ್ನ ಅವರಿಗೆ ಕಲಿಸಿ.

ಜೈ ಭೀಮ್.