ಅಗ್ಗಕ್ಕೆ ಬಂದ ಆನೆ

"ಕಾರಿನ ವಿಷಯ ನಮಗ್ಯಾಕ್ರೀ, ಅದು ಗಂಡಸರ ಪಾಡು" ಎಂದು ಪುಟ ಮಗುಚಬೇಡಿ, ಸೋದರಿಯರೆ. ಕುಕ್ಕರಿನ ಗ್ಯಾಸ್ಕೆಟ್ ತರಲು ನಾಲ್ಕು ಅಂಗಡಿ ಸುತ್ತುವ ನಾವು, ಇಪ್ಪತ್ತು ಮೂವತ್ತು ಲಕ್ಷ ಕೈಬಿಡುವಾಗ ಮಾತ್ರ "ಅವರಿಗೆ ಗೊತ್ತಿರುತ್ತೆ ಬಿಡಿ" ಅಂತ ಸುಮ್ಮನಿದ್ದುಬಿಡುತ್ತೇವೆ. ಆ ದುಡ್ಡಿನಲ್ಲಿ ನಮ್ಮ ಬಳೆಯೂ ಇರುತ್ತದೆ, ಮಕ್ಕಳ ಓದೂ ಇರುತ್ತದೆ.

ನಮ್ಮ ಮಾದನಾಯಕನಹಳ್ಳಿಯ ಮಾತನ್ನೇ ಹೇಳುತ್ತೇನೆ. ತುಮಕೂರು ರಸ್ತೆಯ ಈ ಬದಿಯಲ್ಲಿ ರಾಗಿ ಬೆಳೆಯುತ್ತಿದ್ದ ಕಡೆ ಈಗ ಗೋದಾಮು, ಲೇಔಟು. ಜಮೀನಿನ ದುಡ್ಡು ಬಂದ ಮನೆಗಳ ಮುಂದೆ ಆನೆಯಂಥ ಜೀಪುಗಳು. ಎದುರು ಮನೆಯ ಗೆಳತಿಯ ಯಜಮಾನರಿಗೆ ಪೀಣ್ಯದಲ್ಲಿ ಸಣ್ಣದೊಂದು ವರ್ಕ್‌ಶಾಪು. ಮಗಳ ಓದಿಗೆಂದು ಒಂದು ಸೈಟು ಮಾರಿದರು. ದುಡ್ಡು ಬ್ಯಾಂಕಿಗೆ ಬಂದ ವಾರದಲ್ಲೇ ದಲ್ಲಾಳಿಯೊಬ್ಬ ಬಂದ. "ಹೊಸದರಲ್ಲಿ 80 ಲಕ್ಷದ ಫಾರಿನ್ ಗಾಡಿ ಸಾರ್, ಎಂಟೇ ವರ್ಷ ಆಗಿರೋದು. 22 ಲಕ್ಷಕ್ಕೆ ಕೊಡ್ತಾರೆ, ಬಿಟ್ರೆ ಸಿಗೋಲ್ಲ" ಅಂದ. ಯಜಮಾನರ ಕಣ್ಣು ಅರಳಿತು. ಗೆಳತಿ ಅಂದು ಸಂಜೆ ನಮ್ಮ ಅಡಿಗೆಮನೆಗೆ ಬಂದು ಕೇಳಿದ್ದು ಒಂದೇ ಮಾತು: "ಅಕ್ಕಾ, ಅಷ್ಟು ಒಳ್ಳೇ ಗಾಡಿಯಾದರೆ ಬೆಲೆ ಯಾಕೆ ಹಿಂಗೆ ಬಿತ್ತು?"

ಎಂಥ ಪ್ರಶ್ನೆ ನೋಡಿ! ಮೂರು ಕಾರಣಗಳಿವೆ.

ಮೊದಲನೆಯದು, ಹೊಸದರ ಬೆಲೆ ಇಳಿದರೆ ಹಳೆಯದರದ್ದೂ ಇಳಿಯುತ್ತದೆ. 2008ರಿಂದ ಟಾಟಾದವರ ಕೈಯಲ್ಲಿರುವ ರೇಂಜ್ ರೋವರ್ ಗಾಡಿಯನ್ನು 2024ರಲ್ಲಿ ಪುಣೆಯಲ್ಲೇ ಜೋಡಿಸುವುದಾಗಿ ಪ್ರಕಟಿಸಿದಾಗ ಬೆಲೆ ಶೇ. 18ರಿಂದ 22ರಷ್ಟು ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಗಾಡಿಗಳ ಜಿಎಸ್‌ಟಿ, ಸೆಸ್ ಸೇರಿ ಶೇ. 50 ಇದ್ದದ್ದು ಶೇ. 40ಕ್ಕೆ ಬಂತು. ಹಿಂದಿನ ವರ್ಷ ಪೂರಾ ಬೆಲೆ ಕೊಟ್ಟು ಕೊಂಡವರ ಗಾಡಿ, ಶೆಡ್ಡಿನಲ್ಲಿ ನಿಂತ ಹಾಗೇ ಸೊರಗಿತು.

ಎರಡನೆಯದು ರಿಪೇರಿ. ಇಂಥ ಹಲವು ಗಾಡಿಗಳಿಗೆ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬುವ ರಬ್ಬರ್ ಚೀಲಗಳಿರುತ್ತವೆ. ಕಲ್ಲುಹಾದಿಯಲ್ಲೂ ತೊಟ್ಟಿಲ ಸುಖ, ನಿಜ. ಆದರೆ ರಬ್ಬರು ವಯಸ್ಸಾದಂತೆ ಬಿರಿಯುತ್ತದೆ, ಸೋರುವ ಚೀಲಕ್ಕೆ ಗಾಳಿ ತುಂಬಿ ತುಂಬಿ ಪಂಪೂ ಸುಸ್ತಾಗುತ್ತದೆ. ಹೊಸ ಡೀಸೆಲ್ ಗಾಡಿಗಳ ಹೊಗೆ ಸೋಸುವ ಜಾಲರಿ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಓಡಾಟದಲ್ಲಿ ಮಸಿ ಕಟ್ಟಿಕೊಳ್ಳುತ್ತದೆ. ಆಗಾಗ ಹೈವೇಯಲ್ಲಿ ಓಡಿಸಿದರೇ ಅದು ಸುಟ್ಟು ಶುದ್ಧವಾಗುವುದು. ಇದರ ಮೇಲೆ ಹತ್ತಾರು ಎಲೆಕ್ಟ್ರಾನಿಕ್ ಡಬ್ಬಿಗಳು. ಕಂಪ್ಯೂಟರ್ ಹಚ್ಚದೆ ನಮ್ಮೂರ ಮೆಕ್ಯಾನಿಕ್ಕಿಗೆ ರೋಗವೇ ತಿಳಿಯುವುದಿಲ್ಲ. ನೆನಪಿಡಿ: ಗಾಡಿಯ ಬೆಲೆ 22 ಲಕ್ಷಕ್ಕೆ ಇಳಿದಿರಬಹುದು, ಅದರ ಬಿಡಿಭಾಗ ಇವತ್ತಿಗೂ 80 ಲಕ್ಷದ ಗಾಡಿಯ ಬಿಡಿಭಾಗವೇ.

ಮೂರನೆಯದು, ಈ ಖರ್ಚು ಗೊತ್ತಿದ್ದವರು ಹತ್ತಿರ ಸುಳಿಯುವುದಿಲ್ಲ. ಕೊಳ್ಳುವವರು ಕಡಿಮೆಯಾದರೆ ಬೆಲೆ ನಿಲ್ಲುವುದೆಲ್ಲಿ? ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಬರುವ ಫಾರ್ಚೂನರ್ ನೋಡಿ. ಕೂತರೆ ಅಷ್ಟೇನೂ ನಯವಿಲ್ಲ. ಆದರೆ ಗಟ್ಟಿ ಚಾಸಿ, ಸಾದಾ ಸ್ಪ್ರಿಂಗು, ಸಣ್ಣ ಊರಿನಲ್ಲೂ ಸಿಗುವ ಸಾಮಾನು. ಹಾಗಾಗಿ ಹಳೆಯದಾದರೂ ಬೆಲೆ ಬಿಗಿ. ಕೆಡದೆ ಓಡುವ ಗಾಡಿಗೇ ಮರುಮಾರಾಟದ ಮಾನ, ಹೆಸರಿಗಲ್ಲ.

ಇನ್ನು ಮೋಸದ ಮಾತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಯಮಲೂರಿನ ಶ್ರೀಮಂತರ ಬಡಾವಣೆಯಲ್ಲೇ ದುಬಾರಿ ಕಾರುಗಳು ನೀರಲ್ಲಿ ಮುಳುಗಿದ್ದವಲ್ಲ, ನೆನಪಿದೆಯೆ? "ನಮ್ಮ ಗಾಡಿ 900 ಮಿಲಿಮೀಟರ್ ನೀರಲ್ಲೂ ಹೋಗುತ್ತೆ" ಎನ್ನುವುದು ಹಳ್ಳ ದಾಟುವ ಮಾತು, ರಾತ್ರಿಯಿಡೀ ನೀರಲ್ಲಿ ನಿಲ್ಲುವ ಮಾತಲ್ಲ. ಹಾಗೆ ಮುಳುಗಿದ ಗಾಡಿ ತೊಳೆದು ಪಾಲಿಶ್ ಮಾಡಿದರೆ ಹೊರಗಿನಿಂದ ಗೊತ್ತಾಗುವುದೇ ಇಲ್ಲ. ಹಾಗೆಯೇ ಹೊರರಾಜ್ಯದ ನಂಬರು. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಮರುನೋಂದಣಿ ಆಗಬೇಕು, ನಮ್ಮ ರಾಜ್ಯದ ಆಜೀವ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಕಾರಿಗೆ ಅದು ಶೇ. 18, ಅದರ ಮೇಲೆ ಸೆಸ್ಸು. ಹಳೇ ಗಾಡಿಗೆ ವಯಸ್ಸು ನೋಡಿ ಒಂದಿಷ್ಟು ಕಡಿತ, ಅಷ್ಟೆ. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ತೆರಿಗೆ ಕಟ್ಟದ ಇಂಥ 30 ದುಬಾರಿ ಕಾರುಗಳನ್ನು ಹಿಡಿದಿದ್ದರು.

ಮುಂಗಡ ಕೊಡುವ ಮೊದಲು ಇಷ್ಟು ಮಾಡಿ. ಇದಕ್ಕೆ ಎಂಜಿನಿಯರಿಂಗ್ ಬೇಡ, ತರಕಾರಿ ಆರಿಸುವ ಕಣ್ಣು ಸಾಕು.

1. ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ. ಕೊನೆಯಲ್ಲಿ ಕೆಸರಿನ ಗೆರೆ ಇದ್ದರೆ, ಕಾರ್ಪೆಟ್ ಎತ್ತಿದಾಗ ಮುಗ್ಗಲು ವಾಸನೆ ಬಂದರೆ ಬೇಡವೆನ್ನಿ.

2. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿ ವಿಮೆ, ಸಾಲ ನೋಡಿ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೇಳಿ. ಹೊರರಾಜ್ಯದ್ದಾದರೆ ಫಾರಂ 28ರ ಎನ್‌ಒಸಿ.

3. ಕಂಪನಿ ಸರ್ವೀಸಿನ ದಾಖಲೆ ಪೂರ್ತಿ ಇದೆಯೆ? ನಡುವೆ ಎರಡು ವರ್ಷ ಖಾಲಿ ಇದ್ದರೆ ಯಾಕೆಂದು ಕೇಳಿ.

4. ಗಾಳಿಚೀಲ, ಪಂಪು, ನಾಲ್ಕು ಟೈರು ಹಾಕಿಸಲು ಎಷ್ಟೆಂದು ಬರೆಸಿಕೊಳ್ಳಿ. ಗಾಡಿಯ ಬೆಲೆಗೆ ಅದನ್ನೂ ಒಂದು ವರ್ಷದ ವಿಮೆಯನ್ನೂ ಕೂಡಿಸಿ. ಅದೇ ನಿಜವಾದ ಬೆಲೆ.

5. ಒಂದು ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬೆಳಿಗ್ಗೆ ನೋಡಿ.

ಈ ಐದನೆಯದೇ ನಮ್ಮ ಗೆಳತಿಯನ್ನು ಕಾಪಾಡಿದ್ದು. "ಒಂದು ರಾತ್ರಿ ನಮ್ಮ ಗೇಟಿನ ಮುಂದಿರಲಿ, ಆಮೇಲೆ ಮುಂಗಡ" ಎಂದು ಅವಳು ಪಟ್ಟು ಹಿಡಿದಳು. ದಲ್ಲಾಳಿ ಗೊಣಗುತ್ತಲೇ ಬಿಟ್ಟುಹೋದ. ಬೆಳಿಗ್ಗೆ ಐದೂವರೆಗೆ ರಂಗೋಲಿ ಹಾಕಲು ಬಂದವಳು ನೋಡುತ್ತಾಳೆ, ಗಾಡಿಯ ಹಿಂದಿನ ಎಡಮೂಲೆ ಮಂಡಿಯೂರಿದ ಎಮ್ಮೆಯ ಹಾಗೆ ನೆಲಕ್ಕೆ ಕುಸಿದಿದೆ! ರಂಗೋಲಿ ಬಟ್ಟಲು ಅಲ್ಲೇ ಇಟ್ಟು ಯಜಮಾನರನ್ನು ಎಬ್ಬಿಸಿದಳು. ಅವರೂ ಕಬ್ಬಿಣದ ಕೆಲಸ ಬಲ್ಲವರೇ. ಬಗ್ಗಿ ಒಮ್ಮೆ ನೋಡಿದರು, ಮಾತಾಡಲಿಲ್ಲ.

ಒಂದು ವಾರ ಅವರ ಮುಖ ಊದಿಕೊಂಡೇ ಇತ್ತಂತೆ. ಇರಲಿ, ಮುಖದ ಊತ ಇಳಿಯುತ್ತದೆ. ಸೈಟಿನ ದುಡ್ಡು ಈಗ ಮಗಳ ಹೆಸರಿನಲ್ಲಿ ಠೇವಣಿಯಾಗಿದೆ. ಆ ಮಗು ಮಾದಾವರದಲ್ಲಿ ಮೆಟ್ರೊ ಹತ್ತಿ ಕಾಲೇಜಿಗೆ ಹೋಗುತ್ತದೆ.

ನಿಮ್ಮ ಮನೆಯಲ್ಲೂ ಇಂಥ ಮಾತು ಬಂದರೆ ಜಗಳ ಆಡಬೇಡಿ, "ಬೇಡ" ಎಂದೂ ಅನ್ನಬೇಡಿ. ಒಂದು ಲೋಟ ಕಾಫಿ ಕೊಟ್ಟು, ಬೆಲೆ ಯಾಕೆ ಬಿತ್ತು ಅಂತ ಕೇಳಿ. ಉತ್ತರ ಸಿಗುವ ತನಕ ಚೆಕ್ ಪುಸ್ತಕ ಬೀರುವಿನಲ್ಲೇ ಇರಲಿ.